ಪ್ರಯಾಣದಲ್ಲಿ ತಂಪುಪೆಟ್ಟಿಗೆ: ಆಯ್ಕೆ, ಬಳಕೆ ಮತ್ತು ಆರೋಗ್ಯ

ಚೈತ್ರ ವೈಶಾಖಗಳು ಬಂದವೆಂದರೆ ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರ ಮನಸ್ಸು ಊರಿನತ್ತ ತಿರುಗುತ್ತದೆ. ಮಕ್ಕಳಿಗೆ ಶಾಲೆಯ ರಜೆ. ಊರಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶ, ರಥೋತ್ಸವ. ಹೋಗುವಾಗ ದಾರಿಗೆ ಮೊಸರನ್ನ, ಕುಡಿಯುವ ನೀರು, ಹಸುಗೂಸಿದ್ದರೆ ಅದರ ಹಾಲು. ಹಿಂತಿರುಗುವಾಗ ಕರಾವಳಿಯವರ ಗಂಟಿನಲ್ಲಿ ಮೀನು. ಇನ್ನು ಕಾರ್ತಿಕ ಮಾಸದಲ್ಲಿ ಸಂಘದ ವನಭೋಜನ. ಈ ಎಲ್ಲ ಸಂದರ್ಭಗಳಲ್ಲಿಯೂ ನಮ್ಮ ಸಂಗಡ ಹೊರಡುವ ಒಂದು ವಸ್ತುವಿದೆ. ವಾಡಿಕೆಯಲ್ಲಿ ನಾವು ಅದನ್ನು ಐಸ್‌ಬಾಕ್ಸ್ ಎನ್ನುತ್ತೇವೆ. ಈ ಲೇಖನದಲ್ಲಿ ತಂಪುಪೆಟ್ಟಿಗೆ ಎಂದು ಕರೆಯೋಣ.

ಇಂಥ ಸಾಮಾನ್ಯ ವಸ್ತುವಿನ ಬಗೆಗೆ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಬರೆಯುವ ಅಗತ್ಯವೇನೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ನನ್ನ ಮನೆಯಲ್ಲಿಯೇ ನಡೆದ ಒಂದು ಘಟನೆ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಗೆಯಲ್ಲಿ, ವೃದ್ಧೆಯಾದ ನನ್ನ ಸೋದರತ್ತೆಯನ್ನು ಮುಂಬಯಿಯಿಂದ ಉಡುಪಿಗೆ ರೈಲಿನಲ್ಲಿ ಕರೆದೊಯ್ದಿದ್ದೆ. ಆಕೆಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಔಷಧಿ ಬಿಸಿಲಿಗೆ ಕೆಡಬಾರದೆಂಬ ಕಾಳಜಿಯಿಂದ ನಾನು ಅದರ ಸೀಸೆಗಳನ್ನು ತಂಪುಪೆಟ್ಟಿಗೆಯಲ್ಲಿ, ಫ್ರೀಜರಿನಿಂದ ಆಗತಾನೆ ತೆಗೆದ ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಹುದುಗಿಸಿಟ್ಟೆ. ಎಷ್ಟು ತಂಪಾದರೆ ಅಷ್ಟು ಕ್ಷೇಮವೆಂಬುದು ನನ್ನ ಎಣಿಕೆ. ಊರು ಸೇರಿ ತೆರೆದು ನೋಡಿದಾಗ ಸೀಸೆಯೊಳಗಿನ ದ್ರವದ ಅಂಚು ಗಟ್ಟಿಯಾಗಿತ್ತು. ಸ್ವಲ್ಪ ಹೊತ್ತು ಹೊರಗಿಟ್ಟೆವು, ಕರಗಿತು, ನೋಡಲು ಮೊದಲಿನಂತೆಯೇ ಇತ್ತು. ಅದನ್ನೇ ಬಳಸಿದೆವು. ಮೂರನೆಯ ದಿನ ಅತ್ತೆಗೆ ವಿಪರೀತ ಬಾಯಾರಿಕೆ, ಆಯಾಸ, ಮಂಪರು. ರಕ್ತದ ಸಕ್ಕರೆಯ ಪ್ರಮಾಣ ಮುನ್ನೂರನ್ನು ಮೀರಿತ್ತು. ಊರಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಔಷಧಿಯನ್ನು ಹೇಗೆ ತಂದಿರಿ?" ಹೊಸ ಸೀಸೆ ತರಿಸಿದ ಮೇಲೆ ಆಕೆ ಚೇತರಿಸಿಕೊಂಡಳು. ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಬೋಧಿಸಿದ ನಾನೇ ಈ ತಪ್ಪು ಮಾಡಿದ್ದೆನಲ್ಲ ಎಂಬ ನಾಚಿಕೆ ಮಾತ್ರ ನನ್ನಲ್ಲಿ ಉಳಿಯಿತು. ಆ ನಾಚಿಕೆಯೇ ಈ ಪಾಠಕ್ಕೆ ಪ್ರೇರಣೆ.

ಪೆಟ್ಟಿಗೆ ತಂಪನ್ನು ಹುಟ್ಟಿಸುವುದಿಲ್ಲ

ಮೊದಲು ತಿಳಿಯಬೇಕಾದ ತತ್ತ್ವವಿದು: ತಂಪುಪೆಟ್ಟಿಗೆ ರೆಫ್ರಿಜರೇಟರ್ ಅಲ್ಲ. ಅದರಲ್ಲಿ ತಂಪನ್ನು ಉತ್ಪಾದಿಸುವ ಯಾವ ಯಂತ್ರವೂ ಇಲ್ಲ. ನಾವು ಒಳಗಿಟ್ಟ ತಂಪನ್ನು ಅದು ಕಾಪಾಡುತ್ತದೆ, ಅಷ್ಟೆ. ಇನ್ನೂ ನಿಖರವಾಗಿ ಹೇಳುವುದಾದರೆ, ಹೊರಗಿನ ಉಷ್ಣ ಒಳಗೆ ನುಗ್ಗುವುದನ್ನು ತಡಮಾಡುತ್ತದೆ. ನಮ್ಮ ಹಳ್ಳಿಯ ಕಂಬಳಿಯನ್ನು ನೆನಪಿಸಿಕೊಳ್ಳಿ. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಹೊದಿಸಿದರೆ ಹೊರಗಿನ ಬಿಸಿ ಒಳಬಾರದಂತೆ ತಡೆದು ಮಂಜುಗಡ್ಡೆಯನ್ನು ಉಳಿಸುತ್ತದೆ. ಹಿಂದೆ ಷರಬತ್ತಿನ ಅಂಗಡಿಯವನು ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿಚೀಲ ಮುಚ್ಚುತ್ತಿದ್ದುದನ್ನು ಕಂಡವರಿಗೆ ಈ ಮಾತು ಹೊಸದೇನಲ್ಲ.

ಉಷ್ಣ ಚಲಿಸುವ ದಾರಿಗಳು ಮೂರು: ವಹನ, ಸಂವಹನ ಮತ್ತು ವಿಕಿರಣ. ಗೋಡೆಯ ವಸ್ತುವಿನ ಮೂಲಕ ಕಣದಿಂದ ಕಣಕ್ಕೆ ದಾಟಿ ಬರುವುದು ವಹನ. ಮುಚ್ಚಳ ತೆರೆದಾಗ, ಅಥವಾ ಸಂದಿನಿಂದ, ಬಿಸಿಗಾಳಿ ಒಳಹೊಕ್ಕು ತಣ್ಣನೆಯ ಗಾಳಿ ಹೊರಬೀಳುವುದು ಸಂವಹನ. ಬಿಸಿಲು ನೇರವಾಗಿ ಮೇಲ್ಮೈಯನ್ನು ಕಾಯಿಸುವುದು ವಿಕಿರಣ. ಒಳ್ಳೆಯ ಪೆಟ್ಟಿಗೆಯ ಗುಣವೆಲ್ಲ ಈ ಮೂರು ದಾರಿಗಳನ್ನು ಎಷ್ಟರಮಟ್ಟಿಗೆ ಮುಚ್ಚಿದೆ ಎಂಬುದರಲ್ಲಿದೆ.

ನಿಶ್ಚಲವಾಗಿ ನಿಂತ ಗಾಳಿ ಉಷ್ಣವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಅದರ ಉಷ್ಣವಾಹಕತೆಯನ್ನು ೧ ಎಂದಿಟ್ಟುಕೊಂಡರೆ, ಪಾಲಿಯುರಿಥೇನ್ ನೊರೆಯದು ಸುಮಾರು ೧, ಥರ್ಮೋಕೋಲಿನದು ಸುಮಾರು ೧.೪, ಒಣ ಮರದ್ದು ೫ ಅಥವಾ ೬, ನೀರಿನದು ಸುಮಾರು ೨೪, ಸ್ಟೇನ್‌ಲೆಸ್ ಉಕ್ಕಿನದು ಸುಮಾರು ೬೦೦. ನೊರೆಯಾಗಲಿ, ಥರ್ಮೋಕೋಲಾಗಲಿ, ಮರದ ಹೊಟ್ಟಾಗಲಿ, ಕಂಬಳಿಯಾಗಲಿ ಮಾಡುವ ಕೆಲಸ ಒಂದೇ: ಅನಿಲವನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಅಲುಗದಂತೆ ಸೆರೆಹಿಡಿಯುವುದು. ಆದುದರಿಂದಲೇ ನೀರು ಹೀರಿದ ನೊರೆ ಕೆಲಸಕ್ಕೆ ಬಾರದು. ಗಾಳಿಯ ಜಾಗದಲ್ಲಿ ನೀರು ಕುಳಿತರೆ ಉಷ್ಣಕ್ಕೆ ದಾರಿ ಸಲೀಸಾಗುತ್ತದೆ.

ಹಡಗಿನಲ್ಲಿ ಬಂದ ಮಂಜುಗಡ್ಡೆ

ಈ ತತ್ತ್ವದ ಬಲವನ್ನು ತೋರಿಸುವ ಚರಿತ್ರೆಯ ಪ್ರಸಂಗವೊಂದಿದೆ. ೧೮೩೩ರಲ್ಲಿ ಅಮೆರಿಕೆಯ ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರನು ಅಲ್ಲಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು 'ಟಸ್ಕನಿ' ಎಂಬ ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ಕಳುಹಿಸಿದನು. ಹೊರಡುವಾಗ ಸುಮಾರು ೧೮೦ ಟನ್ ಇದ್ದ ಸರಕು ನಾಲ್ಕು ತಿಂಗಳು ಕಡಲಿನಲ್ಲಿದ್ದು, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ ಬಂದಾಗಲೂ ಸುಮಾರು ೧೦೦ ಟನ್ ಉಳಿದಿತ್ತು. ಹಡಗಿನಲ್ಲಿ ಯಂತ್ರವೇನೂ ಇರಲಿಲ್ಲ. ಇದ್ದುದು ಮರದ ಹೊಟ್ಟಿನಂಥ ಉಷ್ಣನಿರೋಧಕದ ದಪ್ಪ ಹೊದಿಕೆ ಮಾತ್ರ. ಮರುವರ್ಷ ಮುಂಬಯಿಗೂ ಮಂಜುಗಡ್ಡೆ ಬಂದಿತು. ಚೆನ್ನೈಯ ಮರೀನಾ ದಂಡೆಯಲ್ಲಿ ಅದೇ ವ್ಯಾಪಾರಕ್ಕಾಗಿ ಕಟ್ಟಿದ 'ಐಸ್ ಹೌಸ್' ಇಂದಿಗೂ ನಿಂತಿದೆ. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದುದರಿಂದ ಅದಕ್ಕೆ ಈಗ ಅವರ ಹೆಸರಿದೆ.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಒಂದು, ನಿರೋಧಕದ ದಪ್ಪ. ಎರಡು, ರಾಶಿಯ ಗಾತ್ರ. ಘನಾಕೃತಿಯ ಪೆಟ್ಟಿಗೆಯ ಅಂಚನ್ನು ಇಮ್ಮಡಿ ಮಾಡಿದರೆ ಅದರ ಒಡಲು ಎಂಟು ಪಟ್ಟಾಗುತ್ತದೆ, ಆದರೆ ಉಷ್ಣ ಒಳಬರುವ ಮೇಲ್ಮೈ ನಾಲ್ಕೇ ಪಟ್ಟಾಗುತ್ತದೆ. ಆದುದರಿಂದ ದೊಡ್ಡ ರಾಶಿ ನಿಧಾನವಾಗಿಯೂ ಸಣ್ಣ ಚೂರು ಬೇಗನೆಯೂ ಕರಗುತ್ತವೆ.

ಒಂದು ಸಣ್ಣ ಲೆಕ್ಕ

ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು ೮೦ ಕ್ಯಾಲೊರಿ ಉಷ್ಣ ಬೇಕು. ಹೀಗೆ ಕರಗುವಾಗ ಅದರ ಉಷ್ಣತೆ ಏರುವುದೇ ಇಲ್ಲ. ಸೊನ್ನೆ ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಇದನ್ನು ಗುಪ್ತೋಷ್ಣವೆನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಮೊದಲು ವಿಶದಪಡಿಸಿದನು. ತಂಪುಪೆಟ್ಟಿಗೆಯ ಬಂಡವಾಳವೆಲ್ಲ ಈ ಗುಪ್ತೋಷ್ಣವೇ.

ಈಗ ೨೦ ಲೀಟರಿನ ಒಂದು ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಅದರ ಮೇಲ್ಮೈ ಸುಮಾರು ಅರ್ಧ ಚದರ ಮೀಟರ್. ಹೊರಗೆ ೩೫ ಡಿಗ್ರಿ ಸೆಲ್ಸಿಯಸ್ ಸೆಕೆ. ಗೋಡೆಯಲ್ಲಿ ಮೂರು ಸೆಂಟಿಮೀಟರ್ ದಪ್ಪದ ಪಾಲಿಯುರಿಥೇನ್ ನೊರೆ ಇದ್ದರೆ, ಗೋಡೆಗಳ ಮೂಲಕ ಗಂಟೆಗೆ ಸುಮಾರು ೧೨ ಕಿಲೋ ಕ್ಯಾಲೊರಿ ಉಷ್ಣ ಒಳಬರುತ್ತದೆ. ಅಂದರೆ ಗಂಟೆಗೆ ಸುಮಾರು ೧೫೦ ಗ್ರಾಂ ಮಂಜುಗಡ್ಡೆ ಕರಗುತ್ತದೆ. ಅದೇ ಗಾತ್ರದ, ಎರಡು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಪೆಟ್ಟಿಗೆಯಾದರೆ ಗಂಟೆಗೆ ಸುಮಾರು ೩೦೦ ಗ್ರಾಂ. ಹದಿನಾರು ಗಂಟೆಯ ಪ್ರಯಾಣಕ್ಕೆ ಮೊದಲನೆಯದರಲ್ಲಿ ಎರಡೂವರೆ ಕಿಲೋ ಸಾಕು; ಎರಡನೆಯದರಲ್ಲಿ ಐದು ಕಿಲೋ ಬೇಕು. ಇದು ಮುಚ್ಚಳ ತೆರೆಯದೆ ಇಟ್ಟಾಗಿನ ಲೆಕ್ಕ.

ಇನ್ನೊಂದು ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ೩೦ ಡಿಗ್ರಿಯ ಸೆಕೆಯಲ್ಲಿದ್ದ ಐದು ಲೀಟರ್ ನೀರಿನ ಬಾಟಲಿಗಳನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿದರೆ, ಅವನ್ನು ಸೊನ್ನೆಗೆ ತಣಿಸಲು ೧೫೦ ಕಿಲೋ ಕ್ಯಾಲೊರಿ ಹೀರಬೇಕು. ಅಷ್ಟಕ್ಕೇ ಸುಮಾರು ಎರಡು ಕಿಲೋ ಮಂಜುಗಡ್ಡೆ ವ್ಯಯವಾಗುತ್ತದೆ! ಹೊರಡುವ ಹಿಂದಿನ ರಾತ್ರಿ ಅದೇ ಬಾಟಲಿಗಳನ್ನು ಮನೆಯ ರೆಫ್ರಿಜರೇಟರಿನಲ್ಲಿಟ್ಟಿದ್ದರೆ ಈ ನಷ್ಟದ ಬಹುಪಾಲು ತಪ್ಪುತ್ತಿತ್ತು. ಪೆಟ್ಟಿಗೆಯ ಕೆಲಸ ತಂಪನ್ನು ಕಾಯುವುದೇ ಹೊರತು ಬಿಸಿಯನ್ನು ತಣಿಸುವುದಲ್ಲ.

ಕೊಳ್ಳುವಾಗ ನೋಡಬೇಕಾದ ಅಂಶಗಳು

ಅಂಗಡಿಯಲ್ಲಿ ಎಲ್ಲ ಪೆಟ್ಟಿಗೆಗಳೂ ಹೊರನೋಟಕ್ಕೆ ಒಂದೇ ತೆರನಾಗಿ ಹೊಳೆಯುತ್ತವೆ. ಬಣ್ಣವನ್ನೂ ಬೆಲೆಯನ್ನೂ ಬದಿಗಿಟ್ಟು ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

೧. ಗೋಡೆ: ಒಳಗೆ ನೊರೆ ತುಂಬಿದೆಯೆ, ಅಥವಾ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಬರಿಯ ಟೊಳ್ಳೆ? ಬೆರಳಿನಿಂದ ತಟ್ಟಿದರೆ ಟೊಳ್ಳು ಗೋಡೆ ಡಬ್ಬದಂತೆ ಸದ್ದು ಮಾಡುತ್ತದೆ, ಒತ್ತಿದರೆ ಒಳಕ್ಕೆ ತಗ್ಗುತ್ತದೆ. ನೊರೆ ತುಂಬಿದ್ದು ಗಟ್ಟಿಯಾಗಿ, ಮಂದವಾಗಿ ನುಡಿಯುತ್ತದೆ. ಟೊಳ್ಳಿನಲ್ಲಿರುವುದೂ ಗಾಳಿಯೇ ಅಲ್ಲವೆ ಎಂದು ಕೇಳಬಹುದು. ನಿಜ; ಆದರೆ ಅದು ಸೆರೆಯಾದ ಗಾಳಿಯಲ್ಲ, ಗೋಡೆಯೊಳಗೇ ಸುತ್ತುತ್ತ ಉಷ್ಣವನ್ನು ಹೊತ್ತು ತರುವ ಗಾಳಿ. ದಪ್ಪ ಕನಿಷ್ಠ ಎರಡೂವರೆ ಮೂರು ಸೆಂಟಿಮೀಟರ್ ಇರಲಿ.

೨. ಮುಚ್ಚಳ: ಗೋಡೆಗೆ ನೊರೆ ತುಂಬಿ ಮುಚ್ಚಳವನ್ನು ಟೊಳ್ಳಾಗಿ ಬಿಟ್ಟ ಪೆಟ್ಟಿಗೆಗಳು ಅಗ್ಗದ ಮಾಲಿನಲ್ಲಿ ಹೇರಳ. ಮುಚ್ಚಳವನ್ನು ಪ್ರತ್ಯೇಕವಾಗಿ ತಟ್ಟಿ ನೋಡಬೇಕು. ಹೊರಾಂಗಣದಲ್ಲಿ ಬಿಸಿಲು ಮೊದಲು ಬೀಳುವುದು ಮುಚ್ಚಳದ ಮೇಲೆಯೇ.

೩. ಅಂಚಿನ ಬಿಗಿ: ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ ಇದ್ದರೆ ಉತ್ತಮ. ಒಂದು ಕಾಗದದ ಚೂರನ್ನು ಅಂಚಿನಲ್ಲಿಟ್ಟು ಮುಚ್ಚಳ ಹಾಕಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಗಾಳಿಗೂ ಅಲ್ಲಿ ದಾರಿಯಿದೆ ಎಂದರ್ಥ. ನಾಲ್ಕು ಬದಿಗಳಲ್ಲಿಯೂ ಹೀಗೆ ಪರೀಕ್ಷಿಸಬೇಕು.

೪. ಕೀಲು, ಚಿಲಕ, ಹಿಡಿ: ಪೆಟ್ಟಿಗೆ ಕೆಡುವುದು ಸಾಮಾನ್ಯವಾಗಿ ಈ ಮೂರು ಕಡೆಗಳಲ್ಲಿ. ತೆಳುವಾದ ಪ್ಲಾಸ್ಟಿಕ್ ಕೀಲು ಒಂದೆರಡು ಬೇಸಗೆಗಳಲ್ಲಿ ಮುರಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಸರಳುಳ್ಳ ಕೀಲು, ಬದಲಾಯಿಸಬಹುದಾದ ಚಿಲಕ, ಒಡಲಿಗೇ ಸೇರಿದ ಹಿಡಿ, ಇವು ಬಾಳಿಕೆಯ ಲಕ್ಷಣಗಳು. ಅಚ್ಚನ್ನು ತಿರುಗಿಸುತ್ತ ಒಂದೇ ತುಂಡಾಗಿ ಎರೆದ ದಪ್ಪ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು ಅತ್ಯಂತ ಗಟ್ಟಿಮುಟ್ಟಾದವು. ಆದರೆ ತೂಕವೂ ಬೆಲೆಯೂ ಹೆಚ್ಚು. ದೋಣಿಯಲ್ಲಿಯೋ ಜೀಪಿನಲ್ಲಿಯೋ ನಿತ್ಯ ಬಳಸುವವರಿಗೆ ಅವು ಸರಿ. ವರ್ಷಕ್ಕೆ ಮೂರು ಬಾರಿ ಊರಿಗೆ ಹೋಗುವ ಸಂಸಾರಿಗೆ ಅಗತ್ಯವಿಲ್ಲ.

೫. ನೀರು ಹೊರಬಿಡುವ ಬಿರಡೆ: ತಳದಲ್ಲಿ ತಿರುಪಿನ ಬಿರಡೆಯಿದ್ದರೆ ಕರಗಿದ ನೀರನ್ನು ಪೆಟ್ಟಿಗೆ ಬಗ್ಗಿಸದೆಯೇ ತೆಗೆಯಬಹುದು. ರೈಲಿನ ಬೋಗಿಯಲ್ಲಿ ಅದು ಸೋರಿದರೆ ಸಹಪ್ರಯಾಣಿಕರೊಡನೆ ಮನಸ್ತಾಪ ಖಂಡಿತ. ಆದುದರಿಂದ ಕೊಂಡ ದಿನವೇ ಮನೆಯಲ್ಲಿ ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಬೇಕು.

೬. ಗಾತ್ರ ಮತ್ತು ತೂಕ: ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ೨೫ ಲೀಟರಿನ ಪೆಟ್ಟಿಗೆ ತುಂಬಿದಾಗ ಇಪ್ಪತ್ತು ಕಿಲೋ ಮೀರುವುದು ಅಸಂಭವವಲ್ಲ. ಅದನ್ನು ಸ್ಟೇಷನ್ನಿನ ಮೆಟ್ಟಿಲು ಹತ್ತಿಸುವವರು ಯಾರೆಂಬುದನ್ನು ಅಂಗಡಿಯಲ್ಲಿಯೇ ಯೋಚಿಸಬೇಕು. ಬೇಕಾದುದಕ್ಕಿಂತ ದೊಡ್ಡದನ್ನು ಕೊಂಡು ಅರ್ಧ ಖಾಲಿ ಒಯ್ಯುವುದೂ ಸರಿಯಲ್ಲ. ಖಾಲಿ ಜಾಗದ ತಂಪು ಗಾಳಿ ಮುಚ್ಚಳ ತೆರೆದಾಗಲೆಲ್ಲ ಹೊರಚೆಲ್ಲುತ್ತದೆ.

೭. ಬಣ್ಣ: ಬಿಳಿ ಅಥವಾ ತಿಳಿಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಗಾಢಬಣ್ಣ ಹೀರುತ್ತದೆ.

'ಐದು ದಿನ ಮಂಜುಗಡ್ಡೆ ಉಳಿಯುತ್ತದೆ' ಎಂಬಂಥ ಜಾಹೀರಾತುಗಳನ್ನು ಎಚ್ಚರದಿಂದ ಓದಬೇಕು. ಪೆಟ್ಟಿಗೆಯ ತುಂಬ ಮಂಜುಗಡ್ಡೆಯನ್ನೇ ತುಂಬಿ, ಮುಚ್ಚಳ ತೆರೆಯದೆ ಇಟ್ಟರೆ ಬರುವ ಅಂಕಿಗೂ ನಮ್ಮ ಬಳಕೆಗೂ ಅಂತರ ಬಹಳ. ಅದಕ್ಕಿಂತ ಮನೆಯ ಪರೀಕ್ಷೆ ಮೇಲು. ಎರಡು ಕಿಲೋ ಮಂಜುಗಡ್ಡೆಯನ್ನು ತೂಗಿ ಪೆಟ್ಟಿಗೆಯಲ್ಲಿಟ್ಟು, ಎಂಟು ಗಂಟೆಯ ಬಳಿಕ ಕರಗಿದ ನೀರನ್ನು ಅಳೆಯಿರಿ. ಅದನ್ನು ಎಂಟರಿಂದ ಭಾಗಿಸಿದರೆ ನಿಮ್ಮ ಪೆಟ್ಟಿಗೆಯ ನಿಜವಾದ ಯೋಗ್ಯತೆ ತಿಳಿಯುತ್ತದೆ. ಆಮೇಲೆ ಯಾವ ಪ್ರಯಾಣಕ್ಕೆ ಎಷ್ಟು ಮಂಜುಗಡ್ಡೆ ಬೇಕೆಂಬುದನ್ನು ನೀವೇ ಲೆಕ್ಕ ಹಾಕಬಹುದು.

ತುಂಬುವ ಕ್ರಮ

ಒಳ್ಳೆಯ ಪೆಟ್ಟಿಗೆಯೂ ತಪ್ಪಾಗಿ ತುಂಬಿದರೆ ನಿಷ್ಫಲ. ಹೊರಡುವ ಕೆಲವು ಗಂಟೆಗಳ ಮೊದಲೇ ಸ್ವಲ್ಪ ಮಂಜುಗಡ್ಡೆ ಹಾಕಿ ಪೆಟ್ಟಿಗೆಯನ್ನು ಒಳಗಿನಿಂದ ತಣಿಸಬೇಕು. ಆಹಾರವನ್ನು ಹಿಂದಿನ ರಾತ್ರಿಯೇ ರೆಫ್ರಿಜರೇಟರಿನಲ್ಲಿಟ್ಟಿರಬೇಕು. ಸಣ್ಣ ಚೂರುಗಳಿಗಿಂತ ದೊಡ್ಡ ಗಡ್ಡೆಗಳು ಹೆಚ್ಚು ಹೊತ್ತು ಬಾಳುತ್ತವೆ. ಬಾಟಲಿಗಳಲ್ಲಿ ಕುಡಿಯುವ ನೀರನ್ನೇ ಮುಕ್ಕಾಲು ಭಾಗ ತುಂಬಿ ಹೆಪ್ಪುಗಟ್ಟಿಸಿದರೆ ಮಂಜುಗಡ್ಡೆಯೂ ಆಯಿತು, ಕರಗಿದ ಮೇಲೆ ಕುಡಿಯಲು ನೀರೂ ಆಯಿತು, ಪೆಟ್ಟಿಗೆಯೂ ಒದ್ದೆಯಾಗದು. ತಣ್ಣನೆಯ ಗಾಳಿ ಕೆಳಕ್ಕಿಳಿಯುವುದರಿಂದ ಮೇಲುಗಡೆಯೂ ಒಂದು ಪದರ ಮಂಜುಗಡ್ಡೆ ಇರಲಿ. ಉಳಿದ ಸಂದುಗಳಿಗೆ ಮಡಿಸಿದ ಟವೆಲು ತುರುಕಬಹುದು. ಕುಡಿಯುವ ನೀರಿಗೆಂದು ಪದೇ ಪದೇ ತೆರೆಯಬೇಕಾಗುವುದರಿಂದ, ಸಾಧ್ಯವಿದ್ದರೆ ಅದಕ್ಕೊಂದು ಬೇರೆ ಸಣ್ಣ ಪೆಟ್ಟಿಗೆ ಇಟ್ಟುಕೊಳ್ಳುವುದು ಜಾಣತನ. ವನಭೋಜನದ ತಾಣದಲ್ಲಿ ಪೆಟ್ಟಿಗೆಯನ್ನು ಮರದ ನೆರಳಿನಲ್ಲಿಟ್ಟು ಮೇಲೆ ಒಂದು ದಪ್ಪ ಬಟ್ಟೆ ಹೊದಿಸಿ. ನೆರಳು ಸರಿದಂತೆ ಅದನ್ನೂ ಸರಿಸಬೇಕಾದುದನ್ನು ಮರೆಯಬೇಡಿ.

ಬೀದಿಯಲ್ಲಿ ಕೊಂಡ ಮಂಜುಗಡ್ಡೆಯನ್ನು ಪಾನಕಕ್ಕಾಗಲಿ ಮಜ್ಜಿಗೆಗಾಗಲಿ ಎಂದೂ ಬೆರೆಸಬಾರದು. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನಲ್ಲಿರುವ ರೋಗಾಣುಗಳು ಸಾಯುವುದಿಲ್ಲ. ಕರಗಿದೊಡನೆ ಮತ್ತೆ ಚುರುಕಾಗುತ್ತವೆ. ಮಹಾರಾಷ್ಟ್ರದಲ್ಲಿ ೨೦೧೮ರಲ್ಲಿ, ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮ ಬಂದುದು ಈ ಕಾರಣದಿಂದಲೇ. ಬಣ್ಣವಿಲ್ಲದ್ದೆಲ್ಲ ಶುದ್ಧವೆಂದು ಭಾವಿಸುವುದೂ ತರವಲ್ಲ.

ಆಹಾರ ಮತ್ತು ಉಷ್ಣತೆ

ಬೇಯಿಸಿದ ಆಹಾರದಲ್ಲಿ ಬ್ಯಾಕ್ಟೀರಿಯಗಳು ಹುಲುಸಾಗಿ ಬೆಳೆಯುವುದು ೫ ಡಿಗ್ರಿಯಿಂದ ೬೦ ಡಿಗ್ರಿ ಸೆಲ್ಸಿಯಸ್ ನಡುವೆ. ಅನುಕೂಲ ಸನ್ನಿವೇಶದಲ್ಲಿ ಕೆಲವು ಜಾತಿಯವು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅಂದರೆ ಒಂದು ಜೀವಾಣು ಏಳು ಗಂಟೆಯಲ್ಲಿ ಇಪ್ಪತ್ತು ಲಕ್ಷವಾಗಬಲ್ಲುದು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿನ ಉಷ್ಣತೆಯಲ್ಲಿ ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ.

ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ನಾಶವಾಗದು. ಮೊಸರಿನ ಹುಳಿ ಈ ಬೆಳವಣಿಗೆಗೆ ಸ್ವಲ್ಪ ತಡೆಯೊಡ್ಡುತ್ತದೆಯಾದರೂ ಅದನ್ನೇ ನಂಬಿ ಕೂರುವಂತಿಲ್ಲ. ಕಾಯಿಚಟ್ನಿ, ಕೋಸಂಬರಿ, ಪಾಯಸಗಳಂತೂ ಸೆಕೆಯಲ್ಲಿ ಬಹಳ ಬೇಗ ಹಳಸುತ್ತವೆ. ಬಿಸಿ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ, ರೆಫ್ರಿಜರೇಟರಿನಲ್ಲಿ ತಣಿಸಿ, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಹುಣಿಸೆ ಮತ್ತು ಎಣ್ಣೆ ಬೆರೆತ ಪುಳಿಯೋಗರೆಯನ್ನೋ ಒಣ ಅವಲಕ್ಕಿಯನ್ನೋ ಬುತ್ತಿ ಕಟ್ಟುತ್ತಿದ್ದುದರಲ್ಲಿ ಅರ್ಥವಿತ್ತು. ಹುಳಿಯೂ ಒಣಗುವಿಕೆಯೂ ಮಂಜುಗಡ್ಡೆ ಬೇಡದ ಸಂರಕ್ಷಣೆಗಳು.

ಊರಿನಿಂದ ಮೀನು ತರುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಬಂಗುಡೆ, ಬೂತಾಯಿ, ಕೇದರೆಯಂಥ ಮೀನುಗಳು ತಂಪಿಲ್ಲದೆ ಕೆಲವು ಗಂಟೆ ಉಳಿದರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಉಂಟಾಗುತ್ತದೆ. ಹುರಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ಮೀನು ತಿಂದವರ ಮುಖ ಕೆಂಪೇರಿ, ತಲೆನೋವು, ಮೈತುರಿಕೆ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಹಲವರು ಇದನ್ನು ಮೀನಿನ ಅಲರ್ಜಿ ಎಂದು ತಪ್ಪು ತಿಳಿಯುತ್ತಾರೆ. ಆದುದರಿಂದ ಮೀನು ಕೊಂಡ ಕ್ಷಣದಿಂದಲೇ ತಂಪಿನಲ್ಲಿರಬೇಕು. ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಎಂಬುದು ನಮ್ಮಂಥ ಉಷ್ಣಪ್ರದೇಶಗಳ ಲೆಕ್ಕ. ಒಂದು ಪದರ ಮಂಜುಗಡ್ಡೆ, ಒಂದು ಪದರ ಮೀನು ಹೀಗೆ ಜೋಡಿಸಿ, ಕರಗಿದ ನೀರನ್ನು ಆಗಾಗ ಹೊರಬಿಡಬೇಕು. ಇಲ್ಲಿ ಹೇಳಿದ್ದು ಪೆಟ್ಟಿಗೆಯನ್ನು ತಂಪಾಗಿಟ್ಟುಕೊಳ್ಳುವ ಲೆಕ್ಕಕ್ಕೆ ಸೇರಿದ್ದಲ್ಲ. ದೂರದ ಪ್ರಯಾಣವಾದರೆ ಹಿಂದೆ ಹೇಳಿದ ಗಂಟೆಯ ಲೆಕ್ಕವನ್ನೂ ಅದಕ್ಕೆ ಕೂಡಿಸಿಕೊಳ್ಳಬೇಕು. ಮೀನಿನ ಪೆಟ್ಟಿಗೆಯಲ್ಲಿ ಬೇಯಿಸಿದ ಆಹಾರವನ್ನು ಎಂದೂ ಇಡಬಾರದು.

ಔಷಧಿಯನ್ನು ಒಯ್ಯುವ ಬಗೆ

ಈಗ ಆರಂಭದ ಘಟನೆಗೆ ಬರೋಣ. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರತ್ಯೇಕಿಸಿದ ಇನ್ಸುಲಿನ್ ಒಂದು ಪ್ರೋಟೀನು. ಅತಿಯಾದ ಬಿಸಿ ಅದನ್ನು ಕೆಡಿಸುತ್ತದೆ, ಹೆಪ್ಪುಗಟ್ಟುವಿಕೆಯೂ ಕೆಡಿಸುತ್ತದೆ. ಇನ್ನೂ ತೆರೆಯದ ಸೀಸೆಗಳನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಬಳಸಲೇಬಾರದು, ಎಸೆಯಬೇಕು.

ನನ್ನ ತಪ್ಪು ಎಲ್ಲಿತ್ತು? ಮಂಜುಗಡ್ಡೆ ಎಂದರೆ ಸೊನ್ನೆ ಡಿಗ್ರಿ ಎಂದು ನಾನು ಭಾವಿಸಿದ್ದೆ. ಕರಗುತ್ತಿರುವ ಮಂಜುಗಡ್ಡೆಗೆ ಆ ಮಾತು ಸಲ್ಲುತ್ತದೆ. ಫ್ರೀಜರಿನಿಂದ ಆಗತಾನೆ ತೆಗೆದದ್ದು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿರಬಹುದು. ಅದರ ಮಗ್ಗುಲಲ್ಲಿಟ್ಟ ಸೀಸೆ ಹೆಪ್ಪುಗಟ್ಟದೆ ಇನ್ನೇನಾದೀತು? ಮಂಜುಗಡ್ಡೆಗೆ ಉಪ್ಪು ಬೆರೆಸಿದರೂ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಔಷಧಿಯ ಪೆಟ್ಟಿಗೆಯಲ್ಲಿ ಅದೂ ಕೂಡದು.

ಸರಿಯಾದ ಕ್ರಮವನ್ನು ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆಯರಿಂದ ಕಲಿಯಬೇಕು. ೧೯೯೫ರಲ್ಲಿ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾದಂದಿನಿಂದ ಹೆಗಲಿಗೆ ಪೆಟ್ಟಿಗೆ ತೂಗಿಕೊಂಡು ನಮ್ಮ ಚಾಳುಗಳಿಗೂ ರೈಲು ನಿಲ್ದಾಣಗಳಿಗೂ ಬಂದ ಅವರನ್ನು ಯಾರು ಕಂಡಿಲ್ಲ? ೨೦೧೪ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾದುದರಲ್ಲಿ ಆ ಪುಟ್ಟ ಪೆಟ್ಟಿಗೆಯ ಪಾಲೂ ಇದೆ. ಬಾಯಿಗೆ ಹಾಕುವ ಪೋಲಿಯೋ ಲಸಿಕೆಗೆ ಬಿಸಿಯೇ ಶತ್ರು. ಆದರೆ ಧನುರ್ವಾಯು, ನಾಯಿಕೆಮ್ಮು, ಹೆಪಟೈಟಿಸ್-ಬಿ ಮುಂತಾದವುಗಳ ಲಸಿಕೆಗಳಿಗೆ ಹೆಪ್ಪುಗಟ್ಟುವಿಕೆಯೂ ಶತ್ರು. ಅದಕ್ಕಾಗಿ ಅವರು ಫ್ರೀಜರಿನಿಂದ ತೆಗೆದ ಮಂಜುಗಡ್ಡೆಯ ಪೊಟ್ಟಣಗಳನ್ನು ತಕ್ಷಣ ಬಳಸುವುದಿಲ್ಲ. ಅವು ಹೊರಗೆ ಬೆವರಿ, ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುತ್ತಾರೆ. ಆ ಸದ್ದು ಕೇಳಿತೆಂದರೆ ಪೊಟ್ಟಣ ಸೊನ್ನೆ ಡಿಗ್ರಿಗೆ ಏರಿ ಕರಗತೊಡಗಿದೆ ಎಂದರ್ಥ. ಇನ್ನು ಮುಂದೆ ಅದು ಸೊನ್ನೆಗಿಂತ ಕೆಳಗಿರದು.

ನಾವು ಮಾಡಬೇಕಾದುದೂ ಇಷ್ಟೆ. ಪೊಟ್ಟಣವನ್ನು ಹೀಗೆ ಹದಕ್ಕೆ ತಂದು, ಬಟ್ಟೆಯಲ್ಲಿ ಸುತ್ತಿ, ಇನ್ಸುಲಿನ್ ಸೀಸೆಯನ್ನು ಅದರ ಕಾಗದದ ಡಬ್ಬಿಯ ಸಮೇತ ಇನ್ನೊಂದು ಬಟ್ಟೆಯಲ್ಲಿ ಸುತ್ತಿ, ಒಂದಕ್ಕೊಂದು ನೇರವಾಗಿ ತಗಲದಂತೆ ಇಡಬೇಕು. ಪಕ್ಕದಲ್ಲಿ ಒಂದು ಸಣ್ಣ ಉಷ್ಣಮಾಪಕವಿರಲಿ. ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುವವರು ಈ ಚಿಕ್ಕ ಉಪಕರಣವನ್ನು ಮರೆಯುತ್ತಾರೆ. ಒಳಗಿನ ಸತ್ಯವನ್ನು ಹೇಳುವುದು ಅದೊಂದೇ. ಔಷಧಿಗೆ ಪ್ರತ್ಯೇಕವಾದ ಚಿಕ್ಕ ಪೆಟ್ಟಿಗೆಯೇ ಲೇಸು. ಮಕ್ಕಳು ನೀರಿಗೆಂದು ತೆರೆಯುವ ಪೆಟ್ಟಿಗೆಯಲ್ಲಿ ಅದು ಇರಬಾರದು.

ಬಳಕೆಯಲ್ಲಿರುವ, ಅಂದರೆ ಈಗಾಗಲೇ ತೆರೆದ ಸೀಸೆಗೆ ಸಾಮಾನ್ಯವಾಗಿ ಮಂಜುಗಡ್ಡೆಯೇ ಬೇಡ. ಬಹುತೇಕ ಇನ್ಸುಲಿನ್‌ಗಳು ೨೫ ಅಥವಾ ೩೦ ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಬಾಳುತ್ತವೆ. ಡಬ್ಬಿಯೊಳಗಿನ ಸೂಚನಾಪತ್ರದಲ್ಲಿ ನಿಮ್ಮ ಔಷಧಿಯ ಮಿತಿಯನ್ನು ಓದಿ, ವೈದ್ಯರನ್ನೂ ಕೇಳಿ. ಇಂಥ ಸೀಸೆಗೆ ನಮ್ಮ ಅರವಟ್ಟಿಗೆಯ ಮಡಕೆಯ ಉಪಾಯ ಒದಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಕೊಂಡೊಯ್ಯುತ್ತದೆ. ನೀರು ಜಿನುಗುವ ಮಣ್ಣಿನ ಮಡಕೆಯೊಳಗೆ, ಒದ್ದೆಯಾಗದಂತೆ ಡಬ್ಬಿಯಲ್ಲಿಟ್ಟ ಔಷಧಿ ಹೊರಗಿನ ಸೆಕೆಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಕಲಬುರಗಿ, ರಾಯಚೂರುಗಳ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಮುಂಬಯಿ, ಮಂಗಳೂರುಗಳ ತೇವದ ಗಾಳಿಯಲ್ಲಿ ಅಷ್ಟಾಗಿ ಅಲ್ಲ.

ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರು ಕಾರಿನಲ್ಲಿ ಯಾವ ಔಷಧಿಯನ್ನೂ ಬಿಡಬಾರದು. ವಿಮಾನದಲ್ಲಿ ಹೋಗುವವರು ಇನ್ಸುಲಿನ್ನನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಸರಕಿನೊಡನೆ ಕಳುಹಿಸಿದರೆ ಹೆಪ್ಪುಗಟ್ಟುವ ಭಯವೂ ಇದೆ, ಕಳೆದುಹೋಗುವ ಭಯವೂ ಇದೆ. ಪ್ರಯಾಣದ ದಿನಗಳಿಗೆ ಬೇಕಾದುದರ ಎರಡರಷ್ಟು ಔಷಧಿ ಮತ್ತು ವೈದ್ಯರ ಚೀಟಿ ಜತೆಗಿರಲಿ. ಊರು ಸೇರಿದ ಮೇಲೆ ಕಾರಣವಿಲ್ಲದೆ ಸಕ್ಕರೆ ಏರಿದರೆ ಊಟವನ್ನು ಮಾತ್ರ ದೂರಬೇಡಿ, ಔಷಧಿಯನ್ನೂ ಸಂಶಯಿಸಿ.

ಶುಚಿ ಮತ್ತು ಬಾಳಿಕೆ

ಬಳಸಿದ ಮೇಲೆ ಪೆಟ್ಟಿಗೆಯನ್ನು ಸೋಪಿನ ನೀರಿನಿಂದ ತೊಳೆದು, ಅಡಿಗೆ ಸೋಡದ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ರಬ್ಬರ್ ಪಟ್ಟಿಯ ಸಂದಿನಲ್ಲಿ ಬೂಷ್ಟು ಕಟ್ಟದಂತೆ ನೋಡಿಕೊಳ್ಳಬೇಕು. ಒಣಗದೆ ಮುಚ್ಚಳ ಮುಚ್ಚಿಟ್ಟರೆ ಮುಂದಿನ ಬಾರಿ ತೆರೆಯುವುದೇ ಕಷ್ಟ. ವರ್ಷವಿಡೀ ಬಾಲ್ಕನಿಯ ಬಿಸಿಲಿನಲ್ಲಿಟ್ಟ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ; ಬಿರುಕಿನಿಂದ ನೀರು ನೊರೆಗೆ ಇಳಿದರೆ ಪೆಟ್ಟಿಗೆಯ ಆಯುಷ್ಯ ಮುಗಿದಂತೆ. ನಮ್ಮ ಒಂದೂವರೆ ಕೋಣೆಯ ಮನೆಗಳಲ್ಲಿ ಜಾಗದ ಅಭಾವ ಸಹಜ. ಪೆಟ್ಟಿಗೆಯ ಮೇಲೆ ಕೂತು ಬಟ್ಟೆ ಮಡಿಸುವ ಅಭ್ಯಾಸವಿದ್ದರೆ ಕೀಲಿನ ಕಡೆಗೆ ಆಗಾಗ ಕಣ್ಣು ಹಾಯಿಸುವುದು ಒಳ್ಳೆಯದು.

ಒಟ್ಟಿನಲ್ಲಿ ಹೇಳುವುದಾದರೆ, ದಪ್ಪ ಗೋಡೆ, ನೊರೆ ತುಂಬಿದ ಬಿಗಿಯಾದ ಮುಚ್ಚಳ, ಗಟ್ಟಿ ಕೀಲು, ತಕ್ಕ ಗಾತ್ರ ಇವು ಕೊಳ್ಳುವಾಗಿನ ವಿವೇಕ. ಮೊದಲೇ ತಣಿಸುವುದು, ಸಾಕಷ್ಟು ಮಂಜುಗಡ್ಡೆ, ನೆರಳು, ಉಷ್ಣಮಾಪಕ ಇವು ಬಳಸುವಾಗಿನ ವಿವೇಕ. ಇವೆರಡಕ್ಕಿಂತ ಮಿಗಿಲಾದುದು, ಒಳಗಿಡುವ ವಸ್ತುವಿಗೆ ಎಷ್ಟು ತಂಪು ಬೇಕು, ಎಷ್ಟು ಬೇಡ ಎಂಬ ಅರಿವು. ಮೀನಿಗೆ ಹಿತವಾದ ತಂಪು ಇನ್ಸುಲಿನ್ನಿಗೆ ಮುಳುವಾಗಬಹುದು.

ನನ್ನ ಸೋದರತ್ತೆ ಆ ಬಳಿಕವೂ ಹಲವು ಬಾರಿ ಊರಿಗೆ ಹೋಗಿ ಬಂದರು. ಪ್ರತಿ ಸಲವೂ ಹೊರಡುವ ಮುನ್ನ ಮಂಜುಗಡ್ಡೆಯ ಪೊಟ್ಟಣವನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, "ನೀರು ಮಾತಾಡುತ್ತಿದೆ, ಇನ್ನು ಇಡು" ಎಂದು ಅವರೇ ಅಪ್ಪಣೆ 
ಕೊಡುತ್ತಿದ್ದರು. ಈ ಬೇಸಗೆಯಲ್ಲಿ ಊರಿಗೆ ಹೊರಡುವ ನಮ್ಮ ಸಂಘದ ಬಂಧುಗಳೂ ಆ ಸದ್ದಿಗೆ ಒಮ್ಮೆ ಕಿವಿಗೊಡಲಿ. ಎಲ್ಲರ ಪ್ರಯಾಣವೂ ಸುಖಕರವಾಗಲಿ.